ಟೈಲ್‌ಲೈಟಿಗೆ ಮನೆಯಲ್ಲೇ ಕಪ್ಪು ಛಾಯೆ: ಎಷ್ಟು ಕೋಟ್ ಹೊಡೆಯಬೇಕು?

ಪ್ರಶ್ನೆ: ನನ್ನದು 2016ರ ಬೆಳ್ಳಿ ಬಣ್ಣದ ಹ್ಯಾಚ್‌ಬ್ಯಾಕ್ ಕಾರು. ಹಾಸನದಲ್ಲಿ ವಾಸ, ತಿಂಗಳಿಗೆ ಎರಡು ಸಲವಾದರೂ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿಬರುತ್ತೇನೆ. ಗೆಳೆಯನೊಬ್ಬ ತನ್ನ ಕಾರಿನ ಹಿಂದಿನ ದೀಪಗಳಿಗೆ ಮನೆಯಲ್ಲೇ ಕಪ್ಪು ಸ್ಪ್ರೇ ಹೊಡೆದಿದ್ದಾನೆ. ನೋಡಲು ಬಹಳ ಚೆನ್ನಾಗಿದೆ. ರಾತ್ರಿ ಬ್ರೇಕ್ ಒತ್ತಿದರೆ ದೀಪವೂ ಸರಿಯಾಗಿಯೇ ಕಾಣಿಸುತ್ತದೆ. ನಾನೂ ಒಂದು ಸ್ಪ್ರೇ ಕ್ಯಾನ್ ಮತ್ತು ಶೇ. 35ರ (ಅಂದರೆ ನೂರರಲ್ಲಿ 35 ಪಾಲು ಬೆಳಕು ಬಿಡುವ) ಕಪ್ಪು ಛಾಯೆಯ ಸ್ಮೋಕ್ ಫಿಲ್ಮ್ ತಂದಿಟ್ಟಿದ್ದೇನೆ. ಎರಡರಲ್ಲಿ ಯಾವುದು ಒಳ್ಳೆಯದು? ಸ್ಪ್ರೇ ಆದರೆ ಎಷ್ಟು ಕೋಟ್ ಹೊಡೆಯಬೇಕು? ಹೆಡ್‌ಲೈಟುಗಳು ಹಳದಿಯಾಗಿವೆ, ಅವುಗಳ ಮೇಲೂ ಅದೇ ಫಿಲ್ಮ್ ಅಂಟಿಸಿ ಹಳದಿ ಮುಚ್ಚಬಹುದೇ? ಪೊಲೀಸರು ಹಿಡಿಯುತ್ತಾರೆಯೇ?

ಉತ್ತರ: ಮೊದಲನೆಯದಾಗಿ, ಕ್ಯಾನ್‌ನ ಮುಚ್ಚಳ ತೆಗೆಯಬೇಡಿ. ತೆಗೆಯದ ಕ್ಯಾನನ್ನು ಅಂಗಡಿಯವರು ವಾಪಸು ತೆಗೆದುಕೊಂಡಾರು.

ಬೆಳ್ಳಿ ಬಣ್ಣದ ಕಾರಿಗೆ ಕಪ್ಪು ದೀಪ ಒಪ್ಪುತ್ತದೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ವಾಹನಗಳ ವೈರಿಂಗ್ ಮತ್ತು ದೀಪದ ಕೆಲಸದಲ್ಲೇ ವಯಸ್ಸು ಕಳೆದವನು ನಾನು. ನನ್ನ ಗ್ಯಾರೇಜಿಗೆ ಬಂದ ಹುಡುಗರಲ್ಲಿ ಈ ಆಸೆ ಇಲ್ಲದವರು ಕಡಿಮೆ. ಹಾಗಾಗಿ ಬೈಯುವುದಿಲ್ಲ. ನೀವು ಕೇಳಿದ್ದಕ್ಕೆ ಒಂದೊಂದಾಗಿ ಉತ್ತರ ಕೊಡುತ್ತೇನೆ. ಓದಿದ ಮೇಲೂ ಬಳಿಯಬೇಕೆನಿಸಿದರೆ ಕಾರು ನಿಮ್ಮದು, ಆದರೆ ದೀಪ ಪೂರ್ತಿ ನಿಮ್ಮದಲ್ಲ. ಹಿಂದಿನ ದೀಪವನ್ನು ಕಾರಿನ ಮಾಲೀಕ ಓಡಿಸುವಾಗ ಒಮ್ಮೆಯೂ ನೋಡುವುದಿಲ್ಲ. ಅದನ್ನು ನೋಡುವವನು ಹಿಂದೆ ಬರುತ್ತಿರುವ ಲಾರಿ ಚಾಲಕ.

ಎಷ್ಟು ಕೋಟ್ ಎಂದು ಕೇಳಿದ್ದೀರಿ. ಈ ಪ್ರಶ್ನೆಗೆ ಯಾರೂ ಸರಿಯಾದ ಸಂಖ್ಯೆ ಹೇಳಲಾರರು, ಏಕೆಂದರೆ ಇಲ್ಲಿ ಲೆಕ್ಕ ಕೂಡುವುದಲ್ಲ, ಗುಣಿಸುವುದು. ಒಂದು ತೆಳು ಕೋಟ್ ನೂರರಲ್ಲಿ 80 ಪಾಲು ಬೆಳಕನ್ನು ಹೊರಬಿಡುತ್ತದೆ ಎಂದುಕೊಳ್ಳಿ. ಎರಡನೆಯ ಕೋಟ್ ಆ 80ರಲ್ಲಿ ಮತ್ತೆ ನೂರಕ್ಕೆ 80ನ್ನು ಮಾತ್ರ ಬಿಡುತ್ತದೆ, ಉಳಿದದ್ದು 64. ಮೂರನೆಯದಕ್ಕೆ 51, ನಾಲ್ಕನೆಯದಕ್ಕೆ 41. ಕೈ ಸ್ವಲ್ಪ ನಿಧಾನವಾಗಿ ಚಲಿಸಿದ ಕಡೆ ಒಂದೇ ಕೋಟ್ ಎರಡರಷ್ಟು ದಪ್ಪವಾಗಿರುತ್ತದೆ, ದೀಪದ ಕೆಳ ಅಂಚಿಗೆ ಬಣ್ಣ ಇಳಿದು ಇನ್ನೂ ಕಪ್ಪಾಗಿರುತ್ತದೆ. ಎಡದ ದೀಪ ಮುಗಿಸಿ ಬಲಕ್ಕೆ ಬರುವಷ್ಟರಲ್ಲಿ ಕ್ಯಾನ್‌ನ ಒತ್ತಡ ಇಳಿದಿರುತ್ತದೆ. ಎರಡು ದೀಪಗಳು ಎರಡು ಬಗೆಯಾಗಿ ಉರಿಯುವ ಕಾರುಗಳನ್ನು ನೀವೂ ನೋಡಿರುತ್ತೀರಿ. ಎರಡರಲ್ಲಿ ಯಾವುದು ವಾಸಿ ಎಂದರೆ ಫಿಲ್ಮ್ ವಾಸಿ. ಅದು ಎಲ್ಲ ಕಡೆ ಒಂದೇ ದಪ್ಪ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಬುದ್ಧಿ ಬಂದ ದಿನ ಕಿತ್ತು ಹಾಕಬಹುದು.

ಇನ್ನು ನಿಮ್ಮ ಗೆಳೆಯನ ಪರೀಕ್ಷೆಯ ವಿಷಯ. ರಾತ್ರಿ ಮನೆಯ ಮುಂದೆ ಕಾರು ನಿಲ್ಲಿಸಿ, ಒಬ್ಬ ಬ್ರೇಕ್ ಒತ್ತಿ, ಇನ್ನೊಬ್ಬ ಹತ್ತು ಹೆಜ್ಜೆ ಹಿಂದೆ ನಿಂತು ‘ಕಾಣಿಸುತ್ತಿದೆ’ ಎಂದು ಕೂಗುವುದು. ಎಲ್ಲರೂ ಮಾಡುವ ಪರೀಕ್ಷೆ ಇದೇ, ಮತ್ತು ಇದರಲ್ಲಿ ಯಾವ ಕಪ್ಪು ದೀಪವೂ ಫೇಲಾಗುವುದಿಲ್ಲ. ನಮ್ಮ ಕಣ್ಣು ಬೆಳಕನ್ನು ತಕ್ಕಡಿಯಂತೆ ತೂಗುವುದಿಲ್ಲ; ಬೆಳಕು ಅರ್ಧಕ್ಕೆ ಇಳಿದರೂ ಅದಕ್ಕೆ ‘ಸ್ವಲ್ಪ ಕಡಿಮೆ’ ಎನಿಸುತ್ತದೆ, ಅಷ್ಟೇ. ಕತ್ತಲೆಯಲ್ಲಿ ಹತ್ತು ಹೆಜ್ಜೆಯಿಂದ ಊದುಬತ್ತಿಯ ಕೆಂಡವೂ ಕಾಣುತ್ತದೆ. ಸಾಲದ್ದಕ್ಕೆ, ದೀಪ ಈಗ ಹೊತ್ತಿಕೊಳ್ಳಲಿದೆ ಎಂದು ಗೊತ್ತಿದ್ದವನು, ಅದನ್ನೇ ದಿಟ್ಟಿಸುತ್ತ ನಿಂತವನು ಕೊಡುವ ಸಾಕ್ಷಿ ಅದು. ರಸ್ತೆಯಲ್ಲಿ ಹಿಂದೆ ಬರುವವನು ನಿಮ್ಮ ದೀಪವನ್ನು ದಿಟ್ಟಿಸುತ್ತಿರುವುದಿಲ್ಲ. ಅವನ ಕಣ್ಣು ಕನ್ನಡಿಯಲ್ಲಿ, ಪಕ್ಕದ ಬೈಕಿನಲ್ಲಿ, ರಸ್ತೆಯ ಗುಂಡಿಯಲ್ಲಿ ಇರುತ್ತದೆ.

ಕಪ್ಪು ದೀಪ ಕೈಕೊಡುವುದು ಎರಡು ಹೊತ್ತಿನಲ್ಲಿ. ಒಂದು ಹಗಲಿನ ಬಿಸಿಲಿನಲ್ಲಿ, ಇನ್ನೊಂದು ದೀಪವೇ ಉರಿಯದಿರುವಾಗ. ಈ ಎರಡನ್ನೂ ನಿಮ್ಮ ಗೆಳೆಯ ಪರೀಕ್ಷಿಸಿಲ್ಲ.

ಹಗಲಿನದನ್ನು ಮೊದಲು ನೋಡೋಣ. ಸಾಮಾನ್ಯ ಬಲ್ಬಿನ ಹಿಂದಿನ ದೀಪಗಳಲ್ಲಿ ಬಹುಪಾಲು ಒಂದೇ ಬಲ್ಬಿನೊಳಗೆ ಎರಡು ತಂತಿಗಳಿರುತ್ತವೆ: ರಾತ್ರಿ ಸದಾ ಉರಿಯುವುದಕ್ಕೆ 5 ವ್ಯಾಟ್, ಬ್ರೇಕಿಗೆ 21 ವ್ಯಾಟ್. ಮೆಕ್ಯಾನಿಕ್ ಭಾಷೆಯಲ್ಲಿ ‘ಡಬಲ್ ಕಾಂಟ್ಯಾಕ್ಟ್’ ಬಲ್ಬು. ಅದರ ಬಿಳಿ ಬೆಳಕಿನಿಂದ ಕೆಂಪು ಲೆನ್ಸ್ ಕೆಂಪನ್ನಷ್ಟೇ ಹೊರಬಿಟ್ಟು ದೊಡ್ಡ ಪಾಲನ್ನು ಆಗಲೇ ನುಂಗಿರುತ್ತದೆ. ಉಳಿದದ್ದು ಸಾಕಷ್ಟಿರಬೇಕು ಎಂದು ಅಂತಾರಾಷ್ಟ್ರೀಯ ಮಾನಕಗಳು ಕನಿಷ್ಠ ಮಿತಿ ಹಾಕಿವೆ. ಬ್ರೇಕ್ ದೀಪ ನೇರ ಹಿಂದಕ್ಕೆ ಕನಿಷ್ಠ 60 ಕ್ಯಾಂಡೆಲಾ ಕೊಡಬೇಕು, ರಾತ್ರಿಯ ಕೆಂಪು ದೀಪ ಕನಿಷ್ಠ 4. ಕ್ಯಾಂಡೆಲಾ ಎಂದರೆ ಒಂದು ದಿಕ್ಕಿಗೆ ಹೊಮ್ಮುವ ಬೆಳಕಿನ ತೀವ್ರತೆಯ ಅಳತೆ. ಸುಮಾರಾಗಿ ಒಂದು ಮೇಣದ ಬತ್ತಿಯಷ್ಟು. ಈಗ 60 ಕ್ಯಾಂಡೆಲಾದ ಬ್ರೇಕ್ ದೀಪದ ಮೇಲೆ ನಿಮ್ಮ ಶೇ. 35ರ ಫಿಲ್ಮ್ ಅಂಟಿಸಿ. ಉಳಿಯುವುದು 21. ಮಾನಕ ಕೇಳುವುದರ ಮೂರನೇ ಒಂದು ಪಾಲು ಎನ್ನಿ. ನಿಮ್ಮ ಕಾರಿನ ದೀಪ ಕಾರ್ಖಾನೆಯಿಂದ ಬರುವಾಗ ಕನಿಷ್ಠಕ್ಕಿಂತ ಹೆಚ್ಚೇ ಉರಿಯುತ್ತಿದ್ದಿರಬಹುದು. ಆದರೆ 2016ರಿಂದ ಬಿಸಿಲು ತಿಂದ ಲೆನ್ಸು, ಮಸಿ ಹಿಡಿದ ಬಲ್ಬು, ಮಂಕಾದ ಒಳಗಿನ ಬೆಳ್ಳಿ ಲೇಪ, ಇವೆಲ್ಲ ಆ ಉಳಿಕೆಯನ್ನು ಆಗಲೇ ತಿಂದಿವೆ.

ರಾತ್ರಿ ಆ 21 ಸಾಕಾದೀತು. ಸಂಜೆ ನಾಲ್ಕೂವರೆಗೆ, ನೀವು ಮಂಗಳೂರಿನಿಂದ ಹಾಸನದ ಕಡೆ ಹತ್ತಿ ಬರುತ್ತಿರುವಾಗ, ಪಶ್ಚಿಮದ ಇಳಿಬಿಸಿಲು ನೇರವಾಗಿ ನಿಮ್ಮ ಕಾರಿನ ಬೆನ್ನಿಗೆ ಹೊಡೆಯುತ್ತಿರುತ್ತದೆ. ಆಗ ನಿಮ್ಮ ಬ್ರೇಕ್ ದೀಪ ಸ್ಪರ್ಧಿಸಬೇಕಾದದ್ದು ಕತ್ತಲೆಯೊಂದಿಗಲ್ಲ, ಸೂರ್ಯನೊಂದಿಗೆ. ಫಿಲ್ಮಿನ ನುಣುಪು ಮೈ ಬಿಸಿಲನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ, ಅದರ ಹಿಂದೆ 21 ಕ್ಯಾಂಡೆಲಾ ಹೊತ್ತಿತೋ ಆರಿತೋ ಹಿಂದಿನವನಿಗೆ ತಿಳಿಯುವುದಿಲ್ಲ. ಹಗಲು ಹೊತ್ತು ಬ್ರೇಕ್ ಹಾಕಿದ್ದು ಅವನಿಗೆ ಗೊತ್ತಾಗುವುದು ನಿಮ್ಮ ಕಾರು ಹತ್ತಿರವಾಗತೊಡಗಿದ ಮೇಲೆ.

ಅರ್ಧ ಸೆಕೆಂಡು ತಡವಾದರೆ ಏನು ಮಹಾ ಎನ್ನುವವರಿಗೆ ನಾನು ಗುಣಾಕಾರ ಮಾಡಿ ತೋರಿಸುತ್ತೇನೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅರ್ಧ ಸೆಕೆಂಡಿಗೆ 11 ಮೀಟರ್. ಮೂರು ಕಾರುಗಳನ್ನು ಹಿಂದೆ ಮುಂದೆ ನಿಲ್ಲಿಸಿದಾಗಿನ ಉದ್ದಕ್ಕಿಂತ ತುಸು ಕಡಿಮೆ. ತಂತಿ ಬಲ್ಬು ಪೂರ್ತಿ ಕಾವೇರಿ ಬೆಳಗುವುದಕ್ಕೇ ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಎಲ್‌ಇಡಿ ಬ್ರೇಕ್ ದೀಪಗಳಿಗೆ ಈ ತಡ ಇಲ್ಲ, ಹಾಗಾಗಿ ಅವುಗಳ ಹಿಂದಿರುವವನಿಗೆ ಅದೇ ವೇಗದಲ್ಲಿ ನಾಲ್ಕು ಮೀಟರಿಗೂ ಹೆಚ್ಚು ದಾರಿ ಉಳಿಯುತ್ತದೆ. ಹಿಂದಿನ ದೀಪದ ಸಣ್ಣ ಬದಲಾವಣೆಗೂ ಬೆಲೆ ಇದೆ ಎನ್ನುವುದಕ್ಕೆ ಒಂದು ಹಳೆಯ ಕಥೆಯಿದೆ. 1974ರಲ್ಲಿ ಜಾನ್ ವೊಯೆವೋಡ್ಸ್ಕಿ ಎಂಬ ಮನಶ್ಶಾಸ್ತ್ರಜ್ಞ ಸ್ಯಾನ್ ಫ್ರಾನ್ಸಿಸ್ಕೊದ ಟ್ಯಾಕ್ಸಿಗಳ ಬೆನ್ನಿಗೆ, ನಡುಮಧ್ಯದಲ್ಲಿ, ಒಂದು ಹೆಚ್ಚುವರಿ ಬ್ರೇಕ್ ದೀಪ ಕೂರಿಸಿದರು. ಆ ಟ್ಯಾಕ್ಸಿಗಳಿಗೆ ಹಿಂದಿನಿಂದ ಗುದ್ದುವ ಪ್ರಕರಣಗಳು ಸುಮಾರು ಶೇ. 60ರಷ್ಟು ಇಳಿದವು. 1986ರ ಮಾದರಿಗಳಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯವಾಯಿತು. ಎಲ್ಲ ಕಾರುಗಳಿಗೂ ಬಂದು ಕಣ್ಣಿಗೆ ರೂಢಿಯಾದ ಮೇಲೆ ಲಾಭ ಶೇ. 4.3ಕ್ಕೆ ಇಳಿದು ನಿಂತಿತು ಎಂದು ಅಲ್ಲಿನ ಸಾರಿಗೆ ಸುರಕ್ಷತಾ ಇಲಾಖೆ 1998ರಲ್ಲಿ ಲೆಕ್ಕ ಹಾಕಿತು. 60 ಎಲ್ಲಿ, 4.3 ಎಲ್ಲಿ ಎಂದು ನಗಬೇಡಿ. ಒಂದು ಚಿಕ್ಕ ದೀಪ, ಅಷ್ಟು ದೊಡ್ಡ ದೇಶದಲ್ಲಿ, ವರ್ಷವರ್ಷವೂ ಅಷ್ಟು ಗುದ್ದಾಟಗಳನ್ನು ತಪ್ಪಿಸುತ್ತಿದೆ. ನಿಮ್ಮ ಕಾರಿನ ಹಿಂಗಾಜಿನ ಬಳಿ ಅಂಥ ಮೂರನೆಯ ದೀಪ ಇದ್ದರೆ ಅದು ಅಕ್ಕಪಕ್ಕದ ದೀಪಗಳ ಜೊತೆಗಾರ, ಬದಲಿಯಲ್ಲ.

ಎರಡನೆಯದು, ಅಂದರೆ ದೀಪವೇ ಉರಿಯದಿರುವಾಗಿನದು, ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು. ಸ್ಪ್ರೇ ಹೊಡೆಯುವವರಲ್ಲಿ ಒಬ್ಬನಾದರೂ ಇದನ್ನು ಯೋಚಿಸಿದ್ದನ್ನು ನಾನು ಕಂಡಿಲ್ಲ.

ನಿಮ್ಮ ಟೈಲ್‌ಲೈಟಿನಲ್ಲೋ ಬಂಪರಿನ ಮೂಲೆಯಲ್ಲೋ ಜೇನುಗೂಡಿನಂಥ ಗೆರೆಗಳಿರುವ ಕೆಂಪು ತುಂಡು ಇರುತ್ತದೆ. ಅದರೊಳಗೆ ಬಲ್ಬಿಲ್ಲ, ವೈರಿಲ್ಲ. ಅದು ರಿಫ್ಲೆಕ್ಟರ್. ಹೊರಮೈ ಬೆರಳಿಗೆ ನುಣುಪು. ಒಳಮೈಯಲ್ಲಿ ಸಾಲುಸಾಲಾಗಿ ಪುಟ್ಟ ಮೂಲೆಗಳು. ಕೋಣೆಯ ಮೂಲೆಯಲ್ಲಿ ಎರಡು ಗೋಡೆ ಮತ್ತು ನೆಲ ಹೇಗೆ ಒಂದಕ್ಕೊಂದು ನೆಟ್ಟಗೆ ಸೇರುತ್ತವೆಯೋ ಹಾಗೆ ಪ್ರತಿಯೊಂದರಲ್ಲೂ ಮೂರು ಮುಖಗಳು ಕೂಡುತ್ತವೆ. ಅಂಥ ಮೂಲೆಗೆ ಬಿದ್ದ ಬೆಳಕು ಮೂರು ಸಲ ಪುಟಿದು, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಲಾರಿಯ ಹೆಡ್‌ಲೈಟಿನಿಂದ ಹೊರಟ ಬೆಳಕು ಲಾರಿ ಚಾಲಕನ ಕಣ್ಣಿಗೇ ವಾಪಸು. ಬ್ಯಾಟರಿ ಸತ್ತಾಗ, ಫ್ಯೂಸ್ ಹೋದಾಗ, ಕಾರು ಕೆಟ್ಟು ರಸ್ತೆಯ ಬದಿಯಲ್ಲಿ ಕತ್ತಲಲ್ಲಿ ನಿಂತಾಗ ನಂಬರ್ ಪ್ಲೇಟಿನ ಹೊಳಪು ಬಿಟ್ಟರೆ ಕಾರಿನ ಬೆನ್ನಿನಲ್ಲಿ ಕೆಲಸ ಮಾಡುವ ವಸ್ತು ಇದೊಂದೇ.

ಈಗ ಅದರ ಮೇಲೆ ಕಪ್ಪು ಬಳಿದರೆ ಏನಾಗುತ್ತದೆ ನೋಡಿ. ಬಲ್ಬಿನ ಬೆಳಕು ಫಿಲ್ಮನ್ನು ಒಮ್ಮೆ ದಾಟಿದರೆ ಸಾಕು, ಒಳಗಿನಿಂದ ಹೊರಕ್ಕೆ. ರಿಫ್ಲೆಕ್ಟರಿನ ಬೆಳಕು ಎರಡು ಸಲ ದಾಟಬೇಕು: ಒಳಗೆ ಹೋಗುವಾಗ ಒಮ್ಮೆ, ಹೊರಬರುವಾಗ ಇನ್ನೊಮ್ಮೆ. ಎರಡು ಕಡೆಯೂ ಸುಂಕ. ಶೇ. 50ರ ಫಿಲ್ಮ್ ಆದರೆ ಉಳಿಯುವುದು ಕಾಲು ಭಾಗ. ನಿಮ್ಮ ಶೇ. 35ರದ್ದಾದರೆ ನೂರರಲ್ಲಿ 12. ‘ಡಾರ್ಕ್ ಸ್ಮೋಕ್’ ಎಂದು ಮಾರುವ ಶೇ. 20ರದ್ದಾದರೆ ನೂರರಲ್ಲಿ 4. ನಂಬಿಕೆ ಬರದಿದ್ದರೆ ನೀವು ತಂದ ಫಿಲ್ಮನ್ನು ಒಂದು ಪದರ ಹಿಡಿದು ಕಿಟಕಿಯಾಚೆ ನೋಡಿ, ಆಮೇಲೆ ಮಡಚಿ ಎರಡು ಪದರ ಮಾಡಿ ನೋಡಿ. ಮೊದಲನೆಯದು ನಿಮ್ಮ ಬ್ರೇಕ್ ದೀಪದ ಗತಿ, ಎರಡನೆಯದು ರಿಫ್ಲೆಕ್ಟರಿನದು.

ಶಿರಾಡಿಯ ತಿರುವುಗಳನ್ನು ನನಗಿಂತ ನೀವು ಚೆನ್ನಾಗಿ ಬಲ್ಲಿರಿ. ಅಲ್ಲಿ ಕಾರು ಕೆಟ್ಟು ನಿಂತರೆ ಪೂರ್ತಿ ಬದಿಗೆ ಸರಿಸಲು ಜಾಗವಿಲ್ಲದ ಕಡೆಗಳೇ ಹೆಚ್ಚು. ವರ್ಷಗಳ ಹಿಂದೆ ಒಂದು ಮಳೆಗಾಲದ ರಾತ್ರಿ ಸಕಲೇಶಪುರ ದಾಟಿ ಇಳಿಯುವಾಗ, ನಾನು ಹೀಗೆ ದೀಪವಿಲ್ಲದೆ ನಿಂತಿದ್ದ ಬೂದು ಕಾರಿನ ಬೆನ್ನಿಗೆ ಒಂದು ಮಾರು ದೂರದಲ್ಲಿ ನಿಂತೆ. ಇಳಿದು ಟಾರ್ಚ್ ಹಾಕಿದೆ. ಎರಡೂ ಟೈಲ್‌ಲೈಟುಗಳು ಅಂಚಿನಿಂದ ಅಂಚಿಗೆ ಕಪ್ಪು. ನಂಬರ್ ಪ್ಲೇಟ್ ಮಾತ್ರ ಹೊಳೆಯುತ್ತಿತ್ತು. ನನ್ನನ್ನು ಎಚ್ಚರಿಸಿದ್ದು ಅದೇ ಇರಬೇಕು. ಮಾಲೀಕ ಪಾಪ, ಬಾನೆಟ್ಟಿನೊಳಗೆ ತಲೆ ಹಾಕಿಕೊಂಡಿದ್ದ. ಬೆಳ್ಳಿ ಮತ್ತು ಬೂದು ಕಾರುಗಳು ಮಳೆಯ ಮಬ್ಬಿನಲ್ಲಿ ರಸ್ತೆಯ ಬಣ್ಣಕ್ಕೇ ತಿರುಗಿಬಿಡುತ್ತವೆ ಎನ್ನುವುದನ್ನೂ ನೆನಪಿಡಿ.

ಮಂಜಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಕಪ್ಪು ದೀಪವನ್ನು ವಿರೋಧಿಸುವವರು ಮೊದಲು ಎತ್ತುವುದು ಮಂಜನ್ನೇ. ನಿಜ ಹೇಳಬೇಕೆಂದರೆ ಮಂಜಿನಲ್ಲಿ ನಷ್ಟ ಅಷ್ಟು ಭೀಕರವಲ್ಲ. ಬೆಳಕು ಮೂರನೇ ಒಂದಕ್ಕೆ ಇಳಿದರೆ ದೀಪ ಕಾಣುವ ದೂರವೂ ಮೂರನೇ ಒಂದಕ್ಕೆ ಇಳಿಯುವುದಿಲ್ಲ. ದೂರ ಹೋದಂತೆ ಮಂಜು ಬೆಳಕನ್ನು ಎಷ್ಟು ಬೇಗ ನುಂಗುತ್ತದೆಂದರೆ ಎಂಥ ಪ್ರಖರ ದೀಪವೂ ಅಲ್ಲಿ ಬಹಳ ದೂರ ಹೋಗಲಾರದು, ಮಂದ ದೀಪವೂ ಅದಕ್ಕಿಂತ ತುಸು ಈಚೆಗಷ್ಟೇ ಸೋಲುತ್ತದೆ. ನೂರು ಮೀಟರ್ ಗೋಚರತೆಯ ಮಂಜನ್ನು ಹಿಡಿದು ಕಾಗದದ ಮೇಲೆ ಲೆಕ್ಕ ಹಾಕಿದಾಗ ನನಗೆ ಸಿಕ್ಕ ನಷ್ಟ ಸುಮಾರು 25 ಮೀಟರ್. ಗಂಟೆಗೆ 60ರಲ್ಲಿ ಬರುವವನಿಗೆ ಅದು ಒಂದೂವರೆ ಸೆಕೆಂಡು. ಅದೂ ಕಡಿಮೆಯೇನಲ್ಲ, ಆದರೆ ಇಳಿಬಿಸಿಲಿನ ಬ್ರೇಕ್ ದೀಪ ಮತ್ತು ಕತ್ತಲಿನ ರಿಫ್ಲೆಕ್ಟರ್ ಮುಂದೆ ಇದು ಸಣ್ಣದು.

ಇಷ್ಟು ಹೇಳಿದಾಗ ಬುದ್ಧಿವಂತ ಹುಡುಗರು ‘ಹಾಗಾದರೆ ದೊಡ್ಡ ಬಲ್ಬು ಹಾಕಿದರಾಯಿತು’ ಎನ್ನುತ್ತಾರೆ. ಹೆಚ್ಚು ವ್ಯಾಟಿನ ಬಲ್ಬಿನ ಕಾವಿಗೆ ಹೋಲ್ಡರ್ ಕರಗುತ್ತದೆ, ಒಳಗಿನ ಬೆಳ್ಳಿ ಲೇಪ ಸುಟ್ಟು ಕಂದಾಗುತ್ತದೆ, ಕೆಲವು ತಿಂಗಳಲ್ಲಿ ಮೊದಲಿಗಿಂತ ಮಂಕು. ಮಾರುಕಟ್ಟೆಯ ಬಿಳಿ ಎಲ್‌ಇಡಿ ಬಲ್ಬು ಹಾಕಿದರೆ ಇನ್ನೊಂದು ತಮಾಷೆ: ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ಕೆಂಪಿನ ಅಂಶವೇ ಕಡಿಮೆ, ಹಾಗಾಗಿ ಕೆಂಪು ಲೆನ್ಸಿನ ಹಿಂದೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇಂಡಿಕೇಟರಿಗೆ ಹಾಕಿದರೆ ವಿದ್ಯುತ್ ಸೆಳೆತ ಕಡಿಮೆಯಾಗಿ, ಬಲ್ಬು ಸುಟ್ಟುಹೋಗಿದೆಯೆಂದು ಫ್ಲ್ಯಾಷರ್ ತಿಳಿದು ಪಟಪಟನೆ ಮಿಣುಕಲು ತೊಡಗುತ್ತದೆ. ಇನ್ನು ಸಾಮಾನ್ಯ ತಂತಿ ಬಲ್ಬಿನ ಸುತ್ತ ಇಡೀ ದೀಪದ ಪ್ರತಿಫಲಕವನ್ನು ಅಳೆದು ತೂಗಿ ಕೆತ್ತಿರುತ್ತಾರೆ. ಬೆಳಕು ಹೊರಡುವ ಬಿಂದು ಎರಡು ಮಿಲಿಮೀಟರ್ ಸರಿದರೂ ಅದು ಹೋಗಬೇಕಾದ ದಿಕ್ಕಿಗೆ ಹೋಗುವುದಿಲ್ಲ.

ಪೊಲೀಸರ ವಿಷಯ. ಕಿಟಕಿ ಗಾಜಿನ ಕಪ್ಪು ಫಿಲ್ಮಿನ ಕಾನೂನನ್ನು ಇದರೊಂದಿಗೆ ಬೆರೆಸಬೇಡಿ. ಅದು ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇ. 70, ಪಕ್ಕದ ಗಾಜುಗಳಲ್ಲಿ ಶೇ. 50 ಬೆಳಕು ಹಾಯಬೇಕು ಎನ್ನುತ್ತದೆ. ಬೆಳಕೇ ಹೊಮ್ಮಿಸದ ಕಿಟಕಿಗೆ ಅಷ್ಟು ಬೇಕಾದರೆ ದೀಪಕ್ಕೆ ಶೇ. 35 ಎನ್ನುವುದು ಎಂಥ ಮಾತು ಎಂದು ಯೋಚಿಸಿ. ದೀಪಗಳದ್ದು ಬೇರೆ. ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು ಎನ್ನುವುದು 105ನೇ ನಿಯಮ. ಇಂಡಿಕೇಟರ್ ಹಳದಿ-ಕಿತ್ತಳೆ ಬಣ್ಣದಲ್ಲಿ ನಿಮಿಷಕ್ಕೆ 60ರಿಂದ 120 ಸಲ ಮಿಣುಕಬೇಕು. 104ನೇ ನಿಯಮ ರಿಫ್ಲೆಕ್ಟರಿಗೇ ಮೀಸಲು. ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕನಿಗೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 182ಎ ಕಲಮಿನಲ್ಲಿ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಎಂದಿದೆ. ‘ಪ್ರತಿ ಮಾರ್ಪಾಡಿಗೂ’ ಎಂಬ ಪದವನ್ನು ಗಮನಿಸಿ.

ಹಿಡಿಯುತ್ತಾರೆಯೇ? ದಿನವೂ ಹಿಡಿಯುವುದಿಲ್ಲ, ನಿಮಗೂ ಗೊತ್ತು. ಚೌಕದಲ್ಲಿ ನಿಂತ ಪೊಲೀಸರಿಗಿಂತ ನನಗೆ ಭಯ ವಿಮೆಯ ಸರ್ವೇಯರನದು. ಯಾರೋ ಹಿಂದಿನಿಂದ ಗುದ್ದಿದ್ದಾರೆ, ತಪ್ಪು ನೂರಕ್ಕೆ ನೂರು ಅವರದು ಎಂದು ನೀವು ನಿಂತಿರುತ್ತೀರಿ. ಅವರ ವಕೀಲರು ಮುರಿದ ಕಪ್ಪು ಲೆನ್ಸಿನ ಒಂದು ಫೋಟೊ ಮುಂದಿಟ್ಟರೆ ‘ಬ್ರೇಕ್ ದೀಪ ಕಾಣಲಿಲ್ಲ’ ಎಂಬ ಅವರ ಮಾತಿಗೆ ನೀವೇ ಸಾಕ್ಷಿ ಒದಗಿಸಿದಂತೆ. ಅಂಗಡಿಯಲ್ಲಿ ರಾಜಾರೋಷವಾಗಿ ಮಾರುತ್ತಾರಲ್ಲ ಎನ್ನಬಹುದು. ಮಾರುವುದಕ್ಕೆ ಅಡ್ಡಿಯಿಲ್ಲದ ಎಷ್ಟೋ ವಸ್ತುಗಳನ್ನು ರಸ್ತೆಯಲ್ಲಿ ಬಳಸುವಂತಿಲ್ಲ.

ಕಾರ್ಖಾನೆಯಿಂದಲೇ ಕಪ್ಪು ದೀಪಗಳೊಂದಿಗೆ ಬರುವ ಕಾರುಗಳಿವೆಯಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು. ಅವುಗಳಲ್ಲಿ ಛಾಯೆಯನ್ನು ಲೆಕ್ಕಕ್ಕೆ ಹಿಡಿದೇ ಒಳಗಿನ ಬೆಳಕನ್ನು ಹೆಚ್ಚಿಸಿ, ದೀಪವನ್ನು ಇಡಿಯಾಗಿ ಪರೀಕ್ಷೆಗೆ ಒಡ್ಡಿರುತ್ತಾರೆ. ಅನೇಕ ದೀಪಗಳಲ್ಲಿ ಕಪ್ಪಾಗಿರುವುದು ಲೆನ್ಸೇ ಅಲ್ಲ, ಒಳಗಿನ ಚೌಕಟ್ಟು. ನಿಮ್ಮ ಟೈಲ್‌ಲೈಟಿನ ಅಂಚನ್ನು ಟಾರ್ಚ್ ಹಾಕಿ ಹುಡುಕಿ. ವೃತ್ತದೊಳಗೆ ‘ಇ’ ಅಕ್ಷರ ಮತ್ತು ಒಂದು ಸಂಖ್ಯೆ, ಪಕ್ಕದಲ್ಲಿ ಕೆಲವು ಸಂಕೇತಗಳು ಸಿಗಬಹುದು. ‘ಆರ್’ ಎಂದರೆ ರಾತ್ರಿಯ ಕೆಂಪು ದೀಪ, ‘ಎಸ್1’ ಬ್ರೇಕ್, ‘2ಎ’ ಇಂಡಿಕೇಟರ್, ‘ಎಆರ್’ ರಿವರ್ಸ್, ‘ಐಎ’ ರಿಫ್ಲೆಕ್ಟರ್. ಒಂದೊಂದೂ ಒಂದೊಂದು ಪರೀಕ್ಷೆ ಪಾಸಾದ ಗುರುತು. ಮೇಲೆ ಒಂದು ಕೋಟ್ ಬಿದ್ದ ಕ್ಷಣ ಆ ಅಕ್ಷರಗಳು ಬರಿಯ ಅಲಂಕಾರ.

ಹೆಡ್‌ಲೈಟಿಗೆ ಬರುತ್ತೇನೆ. ಹಳದಿ ಮುಚ್ಚಲು ಕಪ್ಪು ಅಂಟಿಸುವುದೆಂದರೆ ಕಣ್ಣಿನ ಪೊರೆಗೆ ಕಪ್ಪು ಕನ್ನಡಕ ಹಾಕಿದಂತೆ. ಇಲ್ಲಿ ಕಾಣದೆ ಹೋಗುವುದು ನಿಮಗೇ. ಹಳದಿ ಬೆಳಕು ಮಂಜನ್ನು ಸೀಳುತ್ತದೆ, ಹಾಗೇ ಬಿಡಿ ಎನ್ನುವವರ ಮಾತನ್ನೂ ಕೇಳಬೇಡಿ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡವು; ಅವು ಹಳದಿ, ನೀಲಿ, ಬಿಳಿ ಎಲ್ಲವನ್ನೂ ಒಂದೇ ಸಮ ಚದುರಿಸುತ್ತವೆ.

ಹೆಡ್‌ಲೈಟಿನ ಲೆನ್ಸು ಪಾಲಿಕಾರ್ಬೊನೇಟ್. ಅದಕ್ಕೆ ಬಿಸಿಲು ಆಗುವುದಿಲ್ಲ, ಅದಕ್ಕೇ ಕಾರ್ಖಾನೆಯಲ್ಲಿ ಮೇಲೊಂದು ಗಟ್ಟಿ ರಕ್ಷಾ ಲೇಪ ಕೊಡುತ್ತಾರೆ. ನಿಮ್ಮದರಲ್ಲಿ ಆ ಲೇಪ ಸತ್ತಿದೆ. ಇದನ್ನು ಒಂದು ಭಾನುವಾರದಲ್ಲಿ ನೀವೇ ಸರಿಮಾಡಬಹುದು. ಮನೆಯಲ್ಲಿ ಕೈಕೆಲಸ ಮಾಡುವ ಹುರುಪನ್ನು ಇಲ್ಲಿ ತೋರಿಸಿ. ಮೊದಲು ಹಳದಿ ಹೊರಗಿದೆಯೋ ಒಳಗಿದೆಯೋ ನೋಡಿ. ಒಳಗಿದ್ದರೆ ಹೊರಗೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಹೊರಗಿದ್ದರೆ ದೀಪವನ್ನು ಸೋಪಿನ ನೀರಿನಲ್ಲಿ ತೊಳೆದು, ಸುತ್ತಲಿನ ಪೇಂಟಿಗೆ ಮಾಸ್ಕಿಂಗ್ ಟೇಪನ್ನು ಎರಡು ಸುತ್ತು ಹಾಕಿ. ನೀರು ಹಾಕಿ ಉಜ್ಜುವ ಉಪ್ಪುಕಾಗದ ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ ಎಂದು ಕೇಳಿದರೆ ಸಿಗುತ್ತದೆ: 800, 1500, 2000, 3000 ನಂಬರಿನವು. ಲೇಪ ಅಲ್ಲಲ್ಲಿ ಸಿಪ್ಪೆ ಎದ್ದಿದ್ದರೆ ಮಾತ್ರ 800; ಬರಿಯ ಹಳದಿಯಾದರೆ ನೇರವಾಗಿ 1500ರಿಂದ ಶುರು ಮಾಡಿ. ಸದಾ ನೀರು ಹಾಕುತ್ತಿರಿ. ಒಂದು ನಂಬರಿನಲ್ಲಿ ಅಡ್ಡಡ್ಡ ಉಜ್ಜಿದರೆ ಮುಂದಿನದರಲ್ಲಿ ಉದ್ದುದ್ದ ಉಜ್ಜಿ. ಹಳೆಯ ಗೀರುಗಳು ಪೂರ್ತಿ ಮಾಯವಾದವೋ ಇಲ್ಲವೋ ಆಗ ಕಣ್ಣಿಗೆ ತಿಳಿಯುತ್ತದೆ. ಇಳಿಯುವ ನೀರು ಮೊದಲು ಹಳದಿ ಹಾಲಿನಂತಿದ್ದು ಆಮೇಲೆ ಬಿಳಿಯಾಗುತ್ತದೆ. ಈ ಹಂತದಲ್ಲಿ ದೀಪ ಮೊದಲಿಗಿಂತ ಕೆಟ್ಟದಾಗಿ, ಮಬ್ಬು ಗಾಜಿನಂತೆ ಕಾಣುತ್ತದೆ. ಹೆದರಬೇಡಿ. 3000 ಮುಗಿಸಿ ಪ್ಲಾಸ್ಟಿಕ್ ಪಾಲಿಶ್ ಹಾಕಿ ಹತ್ತಿ ಬಟ್ಟೆಯಲ್ಲಿ ಉಜ್ಜಿದಾಗ ತಿಳಿಯಾಗುತ್ತದೆ.

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ, ಕೆಲವೇ ತಿಂಗಳಲ್ಲಿ ಮತ್ತೆ ಹಳದಿ ಎಂದು ಗೊಣಗುತ್ತಾರೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಉಪಾಯ ವಾರಗಳಲ್ಲೇ ಮುಗಿಯುವುದೂ ಇದಕ್ಕೇ. ಹಳೆಯ ರಕ್ಷಾ ಲೇಪವನ್ನು ನೀವೇ ಉಜ್ಜಿ ತೆಗೆದಿದ್ದೀರಿ; ಈಗ ಪ್ಲಾಸ್ಟಿಕ್ ಬರಿಮೈಯಲ್ಲಿ ಬಿಸಿಲಿಗೆ ನಿಂತಿದೆ. ಅತಿನೇರಳೆ ಕಿರಣ ತಡೆಯುವ ಪಾರದರ್ಶಕ ಕ್ಲಿಯರ್ ಕೋಟನ್ನು ಗಾಳಿ, ಧೂಳು ಇಲ್ಲದ ನೆರಳಿನಲ್ಲಿ ಎರಡು ತೆಳು ಪದರ ಕೊಡಿ. ಹಾರ್ಡನರ್ ಬೆರೆಸುವ ಎರಡು ಭಾಗದ ಕ್ಲಿಯರ್ ಹೆಚ್ಚು ಬಾಳುತ್ತದೆ, ಆದರೆ ಅದರಲ್ಲಿ ಐಸೊಸಯನೇಟ್ ಇರುತ್ತದೆ. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ, ಶ್ವಾಸಕೋಶಕ್ಕೆ ಕೆಟ್ಟದ್ದು. ಅದನ್ನು ಪೇಂಟ್ ಬೂತ್ ಇರುವವರಿಗೇ ಬಿಡಿ. ಕ್ಲಿಯರ್ ಕೋಟ್ ಬೇಡವೆಂದರೆ ದೀಪಕ್ಕೆಂದೇ ಬರುವ ಬಣ್ಣವಿಲ್ಲದ ರಕ್ಷಾ ಫಿಲ್ಮ್ ಅಂಟಿಸಿ. ನಿಮಗೆ ಫಿಲ್ಮ್ ಅಂಟಿಸುವ ಆಸೆ ಇದ್ದೇ ಇದೆಯಲ್ಲ!

ನಿಮ್ಮ ಗೆಳೆಯ ಮನಸ್ಸು ಬದಲಾಯಿಸಿದರೆ ಅವನಿಗೂ ಒಂದು ಮಾತು. ಸ್ಪ್ರೇ ತೆಗೆಯಲು ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ರಿಮೂವರ್ ಯಾವುದನ್ನೂ ಮುಟ್ಟಿಸಬಾರದು. ಟೈಲ್‌ಲೈಟಿನ ಲೆನ್ಸು ಸಾಮಾನ್ಯವಾಗಿ ಅಕ್ರಿಲಿಕ್. ಇವು ತಗುಲಿದರೆ ಮೈತುಂಬ ಜೇಡರ ಬಲೆಯಂಥ ಸೀಳುಗಳು ಏಳುತ್ತವೆ, ಆ ದೀಪ ಮತ್ತೆ ಸರಿಹೋಗುವುದಿಲ್ಲ. ಮೇಲೆ ಹೇಳಿದ ವಾಟರ್ ಪೇಪರ್ ದಾರಿಯೇ ದಾರಿ: 1500, 2000, 3000, ಪಾಲಿಶ್. ಬೆಳಕು ತಿರುಗಿಸುವ ಮೂಲೆಗಳು ಒಳಗಿರುವುದರಿಂದ ಹೊರಮೈ ಉಜ್ಜಿದರೆ ರಿಫ್ಲೆಕ್ಟರಿಗೆ ತೊಂದರೆಯಿಲ್ಲ, ಕೊನೆಗೆ ನುಣುಪು ಬಂದರಾಯಿತು. ಫಿಲ್ಮ್ ಆಗಿದ್ದರೆ ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ ಮೂಲೆಯಿಂದ ನಿಧಾನವಾಗಿ ಮಡಚಿಕೊಂಡು ಎಳೆಯುವುದು. ಉಳಿದ ಅಂಟಿಗೆ ತೆಂಗಿನ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಸೋಪಿನಲ್ಲಿ ತೊಳೆಯುವುದು.

ಕಪ್ಪು ಬೇಕೇ ಬೇಕು ಎಂದರೆ ಕಪ್ಪಿಗೆ ಕಾರಿನಲ್ಲಿ ಬೇರೆ ಜಾಗಗಳಿವೆ. ಕನ್ನಡಿಯ ಕವಚ, ಗ್ರಿಲ್, ಡಿಕ್ಕಿಯ ಮೇಲಿನ ಲೋಗೊ, ಎರಡು ದೀಪಗಳ ನಡುವೆ ಹಾಯುವ ಬೆಳಕಿಲ್ಲದ ಪಟ್ಟಿ. ದೀಪದ ಸುತ್ತ ಬಾಡಿಯ ಮೇಲೆ ಅರ್ಧ ಇಂಚು ಅಗಲದ ಕಪ್ಪು ವಿನೈಲ್ ಅಂಚು ಕೊಟ್ಟು ನೋಡಿ. ಬೆಳ್ಳಿ ಬಣ್ಣದ ಮೇಲೆ ಕೆಂಪು ದೀಪಕ್ಕೆ ಕಾಡಿಗೆ ಹಚ್ಚಿದಂತೆ ಕಾಣುತ್ತದೆ. ನಾನು ನನ್ನ ಅಳಿಯನ ಕಾರಿಗೆ ಹೀಗೆಯೇ ಮಾಡಿಕೊಟ್ಟು ಒಂದು ಸ್ಪ್ರೇ ಕ್ಯಾನ್ ಉಳಿಸಿದ್ದೇನೆ.

ಇಷ್ಟಾದ ಮೇಲೂ ನಾನು ಹೆದರಿಸುತ್ತಿದ್ದೇನೆ ಎನಿಸಿದರೆ, ಗೆಳೆಯನ ಕಾರನ್ನೂ ನಿಮ್ಮ ಕಾರನ್ನೂ ಯಾವುದಾದರೂ ಖಾಲಿ ಮೈದಾನದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಅಕ್ಕಪಕ್ಕ ನಿಲ್ಲಿಸಿ. ನೂರು ಹೆಜ್ಜೆ ಹಿಂದೆ ಹೋಗಿ ತಿರುಗಿ ನಿಲ್ಲಿ. ಒಳಗೆ ಕುಳಿತವರು ನಿಮಗೆ ಹೇಳದೆ ತಮಗೆ ತೋಚಿದಾಗ ಬ್ರೇಕ್ ಒತ್ತಲಿ, ನೀವು ಕಂಡಾಗ ಕೈ ಎತ್ತಿ. ಅದೇ ದಿನ ಕತ್ತಲಾದ ಮೇಲೆ ಎರಡೂ ಕಾರುಗಳ ಎಲ್ಲ ದೀಪ ಆರಿಸಿ, ಟಾರ್ಚನ್ನು ಕೈಯಲ್ಲಲ್ಲ, ಕಣ್ಣಿನ ಪಕ್ಕಕ್ಕೇ ಕೆನ್ನೆಗೆ ಆನಿಸಿ ಹಿಡಿದು ಅವುಗಳ ಬೆನ್ನಿಗೆ ಬಿಡಿ. ರಿಫ್ಲೆಕ್ಟರ್ ಬೆಳಕನ್ನು ಬಂದ ಕಡೆಗೇ ಕಳುಹಿಸುವುದರಿಂದ ಟಾರ್ಚ್ ಕಣ್ಣಿನ ಬಳಿಯೇ ಇರಬೇಕು. ಬೇಕಾದರೆ ಮೊಬೈಲಿನಲ್ಲಿ ಫ್ಲ್ಯಾಷ್ ಹಾಕಿ ಒಂದು ಫೋಟೊ ತೆಗೆಯಿರಿ. ಅದನ್ನು ನನಗೆ ಕಳುಹಿಸುವುದು ಬೇಡ, ಗೆಳೆಯನಿಗೆ ತೋರಿಸಿ.